ಹಳೆಯ ಟ್ರಕ್ಕಿಗೆ ತಕ್ಕ ಎಂಜಿನು ಯಾವುದು?

ಯಂತ್ರವೊಂದು ಮುಪ್ಪಾದಾಗ ಅದರ ಎಲ್ಲ ಅಂಗಗಳೂ ಒಂದೇ ದಿನ ಕೆಡುವುದಿಲ್ಲ. ಮೋಟಾರು ವಾಹನಗಳಲ್ಲಿ ಎಂಜಿನು ಸವೆದು ಹೋದ ಮೇಲೂ ಚೌಕಟ್ಟು, ಅಚ್ಚು, ಮೈಹೊದಿಕೆಗಳು ಗಟ್ಟಿಮುಟ್ಟಾಗಿ ಉಳಿದಿರುವುದುಂಟು. ಅಂತಹ ಗಾಡಿಯನ್ನು ಗುಜರಿಗೆ ಹಾಕಲು ಒಡೆಯನಿಗೆ ಮನಸ್ಸು ಬಾರದು. ಬೇರೊಂದು ಎಂಜಿನನ್ನು ಕೂಡಿಸಿ ಗಾಡಿಯನ್ನು ಮತ್ತೆ ಓಡಿಸಲು ಅವನು ಯೋಚಿಸುತ್ತಾನೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ಮುಂದೆ ಚಾಲಕನ ಕೋಣೆಯೂ ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿಯೂ ಉಳ್ಳ ಪಿಕಪ್ ಟ್ರಕ್ಕುಗಳ ವಿಷಯದಲ್ಲಿ ಈ ಪ್ರಶ್ನೆ ಬಹು ಕಾಲದಿಂದ ಚರ್ಚೆಯಲ್ಲಿದೆ. ಅಲ್ಲಿ ಸಾಮಾನ್ಯವಾಗಿ ಕೇಳಿಬರುವ ಉತ್ತರ ಒಂದೇ: ಹಿಡಿಸುವ ಎಂಜಿನುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಕೂಡಿಸು. ಈ ಉತ್ತರ ವಿಜ್ಞಾನಕ್ಕೆ ಒಪ್ಪುವಂತಹುದಲ್ಲವೆಂಬುದು ನನ್ನ ಅಭಿಪ್ರಾಯ. ಎಂಜಿನನ್ನು ಆರಿಸುವಾಗ ಅದರ ಗರಿಷ್ಠ ಶಕ್ತಿಯನ್ನಲ್ಲ, ಗಾಡಿ ಮಾಡಬೇಕಾದ ಕೆಲಸವನ್ನೂ ಅದರ ಉಳಿದ ಅಂಗಗಳ ತ್ರಾಣವನ್ನೂ ಮೊದಲು ಅಳೆಯಬೇಕು. ಇದನ್ನು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ತೋರಿಸಿಕೊಡಬಹುದು.

ಚರ್ಚೆಗೆ ಒಂದು ನಿಶ್ಚಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಷೆವ್ರೊಲೆ ಸಂಸ್ಥೆ 1947ರಿಂದ 1955ರ ವರೆಗೆ 3100 ಎಂಬ ಹೆಸರಿನ, ಅರ್ಧ ಟನ್ ಹೊರೆಯ ಪಿಕಪ್ ಟ್ರಕ್ಕನ್ನು ತಯಾರಿಸಿತು. ಹೊಲ, ತೋಟ, ಅಂಗಡಿಗಳ ಕೆಲಸಕ್ಕೆಂದು ಹುಟ್ಟಿದ ಈ ಗಾಡಿಗಳು ಇಂದಿಗೂ ಅಲ್ಲಿನ ರಸ್ತೆಗಳಲ್ಲಿ ಕಾಣಸಿಗುತ್ತವೆ. 1950ರ ಮಾದರಿಯಲ್ಲಿದ್ದುದು ಸಾಲಾಗಿ ನಿಂತ ಆರು ಸಿಲಿಂಡರುಗಳ ಎಂಜಿನು. ಅದರ ಒಟ್ಟು ಗಾತ್ರ 216 ಘನ ಅಂಗುಲ, ಎಂದರೆ ಸುಮಾರು 3.5 ಲೀಟರು. ಶಕ್ತಿ ಸುಮಾರು 90 ಅಶ್ವಶಕ್ತಿ. ಇದರ ಪಿಸ್ಟನ್ ದಂಡಗಳ ಬೇರಿಂಗುಗಳು ತವರ ಮುಖ್ಯವಾದ ಬ್ಯಾಬಿಟ್ ಎಂಬ ಮಿಶ್ರಲೋಹವನ್ನು ಕರಗಿಸಿ ಹೊಯ್ದು ಮಾಡಿದವು. ದಂಡದ ತುದಿಯ ಪುಟ್ಟ ಸೌಟು ತೊಟ್ಟಿಯಲ್ಲಿಯ ಎಣ್ಣೆಯನ್ನು ಮೊಗೆದುಕೊಳ್ಳುವುದರಿಂದಲೇ ಅವುಗಳಿಗೆ ಎಣ್ಣೆ ಒದಗುತ್ತದೆ. ಸಾವಧಾನದ ಓಟಕ್ಕೆ ಈ ಏರ್ಪಾಡು ಸಾಕು. ದೀರ್ಘಕಾಲದ ಅತಿ ವೇಗಕ್ಕೆ ಸಾಲದು. ಇಂತಹ ಎಂಜಿನು ಸವೆದಾಗ ಅದರ ಸ್ಥಾನದಲ್ಲಿ ಏನನ್ನು ಇಡಬೇಕು?

ಇದಕ್ಕೆ ಉತ್ತರ ಹುಡುಕುವ ಮೊದಲು ‘ಅಶ್ವಶಕ್ತಿ’ ಎಂಬ ಮಾತನ್ನೇ ಸ್ವಲ್ಪ ಪರೀಕ್ಷಿಸಬೇಕು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಜೇಮ್ಸ್ ವಾಟ್ ಈ ಮಾನವನ್ನು ಬಳಕೆಗೆ ತಂದನು. ತನ್ನ ಉಗಿಯಂತ್ರವನ್ನು ಕೊಳ್ಳುವವರಿಗೆ, ಅದು ಎಷ್ಟು ಕುದುರೆಗಳ ಕೆಲಸ ಮಾಡಬಲ್ಲುದೆಂದು ತಿಳಿಸುವುದು ಅವನ ಉದ್ದೇಶವಾಗಿತ್ತು. ಒಂದು ಅಶ್ವಶಕ್ತಿ ಇಂದಿನ ಲೆಕ್ಕದಲ್ಲಿ 746 ವಾಟ್. ಎಂದ ಮೇಲೆ, ಈ ಮಾನ ಹುಟ್ಟಿನಿಂದಲೇ ವ್ಯಾಪಾರದ ನಂಟುಳ್ಳದ್ದು. ಮಾರುವವನು ಹೇಳುವುದು ಯಾವಾಗಲೂ ಗರಿಷ್ಠ ಅಶ್ವಶಕ್ತಿಯನ್ನೇ. ಆದರೆ ಎಂಜಿನು ಆ ಶಕ್ತಿಯನ್ನು ಕೊಡುವುದು ಒಂದು ನಿರ್ದಿಷ್ಟ ಸುತ್ತುವೇಗದಲ್ಲಿ ಮಾತ್ರ. ಅಲ್ಲದೆ ಅಮೆರಿಕದ ತಯಾರಕರು ಬಹುಕಾಲ, ಫ್ಯಾನು, ಹೊಗೆಕೊಳವೆ ಮುಂತಾದವುಗಳ ಹೊರೆಯಿಲ್ಲದೆ ಎಂಜಿನನ್ನು ಒಂಟಿಯಾಗಿ ನಿಲ್ಲಿಸಿ ಅಳೆದ ‘ಸ್ಥೂಲ’ ಶಕ್ತಿಯನ್ನು ಪ್ರಕಟಿಸುತ್ತಿದ್ದರು. 1972ರ ಮಾದರಿಗಳಿಂದೀಚೆಗೆ, ಈ ಎಲ್ಲ ಸಲಕರಣೆಗಳೊಡನೆ ಅಳೆದ ‘ನಿವ್ವಳ’ ಶಕ್ತಿಯನ್ನು ಹೇಳುವ ಪದ್ಧತಿ ಬಂದಿತು. ಈ ಭೇದವನ್ನು ಅರಿಯದೆ ಹಳೆಯ ಎಂಜಿನಿನ ಅಂಕಿಯನ್ನು ಹೊಸದರ ಅಂಕಿಯೊಡನೆ ಹೋಲಿಸುವುದು, ಸೇರಿನ ಅಳತೆಯನ್ನು ಲೀಟರಿನ ಅಳತೆಯೊಡನೆ ನೇರವಾಗಿ ಹೋಲಿಸಿದಂತೆಯೇ ಸರಿ.

ಇನ್ನು ಗಾಡಿಗೆ ನಿಜವಾಗಿ ಎಷ್ಟು ಶಕ್ತಿ ಬೇಕೆಂಬುದನ್ನು ಲೆಕ್ಕ ಹಾಕೋಣ. ಹೊರೆಯೂ ಸೇರಿ ನಮ್ಮ ಟ್ರಕ್ಕಿನ ದ್ರವ್ಯರಾಶಿ 2000 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಗಾಡಿಯನ್ನು ತಡೆಯುವ ಬಲಗಳು ಮುಖ್ಯವಾಗಿ ಎರಡು. ಮೊದಲನೆಯದು ಚಕ್ರಗಳು ಉರುಳುವಾಗ ಒದಗುವ ತಡೆ. ಇದನ್ನು ತೂಕದ 1.5 ಪಾಲು ಶತಾಂಶವೆಂದು ಹಿಡಿದರೆ ಸುಮಾರು 290 ನ್ಯೂಟನ್ ಆಗುತ್ತದೆ. ಎರಡನೆಯದು ಗಾಳಿಯ ತಡೆ. ಗಾಡಿಯ ಎದುರುಭಾಗದ ವಿಸ್ತೀರ್ಣ 2.7 ಚದರ ಮೀಟರು, ಗಾಳಿಯ ತಡೆಯ ಗುಣಾಂಕ 0.55 ಎಂದು ಭಾವಿಸಿದರೆ, ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಇದು ಸುಮಾರು 440 ನ್ಯೂಟನ್. ಎರಡನ್ನೂ ಕೂಡಿಸಿ, ಸೆಕೆಂಡಿಗೆ 22.2 ಮೀಟರು ವೇಗದಿಂದ ಗುಣಿಸಿದರೆ ಬರುವುದು 16 ಸಾವಿರ ವಾಟ್ ಚಿಲ್ಲರೆ. ಎಂದರೆ ಸುಮಾರು 22 ಅಶ್ವಶಕ್ತಿ! ಸಮತಟ್ಟಾದ ರಸ್ತೆಯಲ್ಲಿ, ಹೊರೆ ಹೊತ್ತು, 80 ಕಿಲೋಮೀಟರು ವೇಗದಲ್ಲಿ ಓಡುವ ಟ್ರಕ್ಕಿನ ಚಕ್ರಗಳಿಗೆ ಬೇಕಾದುದು ಇಷ್ಟೇ. ಹಳೆಯ ಎಂಜಿನಿನ ಶಕ್ತಿಯಲ್ಲಿ ಇದು ಕಾಲುಭಾಗವೂ ಅಲ್ಲ.

ಆದರೆ ರಸ್ತೆಗಳೆಲ್ಲ ಸಮತಟ್ಟಾಗಿರುವುದಿಲ್ಲವಷ್ಟೆ. ನೂರು ಮೀಟರು ಸಾಗುವಲ್ಲಿ ಆರು ಮೀಟರು ಮೇಲೇರುವ ದಿಬ್ಬವನ್ನು ಅದೇ ವೇಗದಲ್ಲಿ ಏರಬೇಕಾದರೆ ಸುಮಾರು 57 ಅಶ್ವಶಕ್ತಿ ಬೇಕು. ಗೇರುಗಳಲ್ಲಿ ಕಳೆದುಹೋಗುವುದನ್ನೂ ಸೇರಿಸಿದರೆ ಹಳೆಯ ಎಂಜಿನಿನ ಸಾಮರ್ಥ್ಯದ ಎಲ್ಲೆ ಹತ್ತಿರ ಬರುತ್ತದೆ. ಆದರೆ ಅದೇ ದಿಬ್ಬವನ್ನು 50 ಕಿಲೋಮೀಟರು ವೇಗದಲ್ಲಿ ಏರಲು 31 ಅಶ್ವಶಕ್ತಿ ಸಾಕು. ಇನ್ನೊಂದು ಕಡೆ, ಸಮತಟ್ಟಾದ ರಸ್ತೆಯಲ್ಲಿಯೇ ವೇಗವನ್ನು 80ರಿಂದ 110 ಕಿಲೋಮೀಟರಿಗೆ ಏರಿಸಿದರೆ ಬೇಡಿಕೆ 22ರಿಂದ 46 ಅಶ್ವಶಕ್ತಿಗೆ ಹಾರುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೂ, ಅದನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನಕ್ಕೂ ಅನುಗುಣವಾಗಿ ಏರುವುದೇ ಇದಕ್ಕೆ ಕಾರಣ. ಆದುದರಿಂದ ಎಂಜಿನನ್ನು ಆರಿಸುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ‘ಎಷ್ಟು ದೊಡ್ಡ ಎಂಜಿನು ಹಿಡಿಸುತ್ತದೆ?’ ಎಂಬುದಲ್ಲ, ‘ಎಷ್ಟು ಹೊರೆಯನ್ನು, ಎಂತಹ ರಸ್ತೆಯಲ್ಲಿ, ಎಷ್ಟು ವೇಗದಲ್ಲಿ ಒಯ್ಯಬೇಕು?’ ಎಂಬುದು.

ಇಷ್ಟು ಸಾಕಾದರೂ ಹಳೆಯ ಟ್ರಕ್ಕು ಇಂದಿನ ಹೆದ್ದಾರಿಯಲ್ಲಿ ಏದುಸಿರು ಬಿಡುವುದೇಕೆ? ಕಾರಣ ಹಿಂದಿನ ಅಚ್ಚಿನಲ್ಲಿದೆ. ಈ ಟ್ರಕ್ಕಿನ ಹಿಂಬದಿಯ ಹಲ್ಲುಚಕ್ರಗಳ ಅನುಪಾತ 4.11, ಎಂದರೆ ಚಕ್ರ ಒಂದು ಸುತ್ತು ತಿರುಗಲು, ಮೇಲಿನ ಗೇರಿನಲ್ಲಿಯೂ ಎಂಜಿನು ನಾಲ್ಕಕ್ಕಿಂತ ಹೆಚ್ಚು ಸುತ್ತು ತಿರುಗಬೇಕು. ಟೈರಿನ ವ್ಯಾಸ ಸುಮಾರು 71 ಸೆಂಟಿಮೀಟರು ಎಂದಾದರೆ ಅದರ ಸುತ್ತಳತೆ 2.23 ಮೀಟರು. 80 ಕಿಲೋಮೀಟರು ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು ಹತ್ತು ಸುತ್ತು, ಎಂಜಿನು ನಿಮಿಷಕ್ಕೆ ಸುಮಾರು 2450 ಸುತ್ತು ತಿರುಗುತ್ತವೆ. 110 ಕಿಲೋಮೀಟರಿನಲ್ಲಿ ಎಂಜಿನಿನ ಸುತ್ತು 3370ಕ್ಕೆ ಮುಟ್ಟುತ್ತದೆ. ಈ ಎಂಜಿನು ತನ್ನ ಗರಿಷ್ಠ ಶಕ್ತಿಯನ್ನು ಕೊಡುವುದು 3300 ಸುತ್ತಿನಲ್ಲಿ! ಸೌಟಿನಿಂದ ಎಣ್ಣೆ ಮೊಗೆಯುವ ಬೇರಿಂಗುಗಳನ್ನು ಗಂಟೆಗಟ್ಟಲೆ ಈ ವೇಗದಲ್ಲಿ ಓಡಿಸುವುದು ಅವುಗಳ ಆಯುಷ್ಯವನ್ನು ಕಳೆದಂತೆಯೇ. ಅಚ್ಚಿನೊಳಗೆ 3.55ರ ಅನುಪಾತದ ಹಲ್ಲುಚಕ್ರಗಳನ್ನು ಹಾಕಿದರೆ, 100 ಕಿಲೋಮೀಟರು ವೇಗದಲ್ಲಿ ಎಂಜಿನಿನ ಸುತ್ತು 3070ರಿಂದ 2650ಕ್ಕೆ ಇಳಿಯುತ್ತದೆ. ಎಂಜಿನಿನ ದೋಷವೆಂದು ನಾವು ಭಾವಿಸಿದುದರಲ್ಲಿ ಒಂದು ಪಾಲು ಹಲ್ಲುಚಕ್ರದ ದೋಷವಾಗಿರುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುವುದು.

ಈಗ ಆಯ್ಕೆಗಳನ್ನು ನೋಡೋಣ. ಬಹುಜನಪ್ರಿಯವಾದುದು ಎಂಟು ಸಿಲಿಂಡರುಗಳು ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ ನಿಂತ ಎಂಜಿನು. ಷೆವ್ರೊಲೆ ಸಂಸ್ಥೆ ಈ ಬಗೆಯ ತನ್ನ ಪ್ರಸಿದ್ಧ ಎಂಜಿನನ್ನು 1955ರಲ್ಲಿ 265 ಘನ ಅಂಗುಲದ ಗಾತ್ರದಲ್ಲಿ ಹೊರತಂದಿತು. 1967ರಲ್ಲಿ 350 ಘನ ಅಂಗುಲದ, ಎಂದರೆ 5.7 ಲೀಟರಿನ ಎಂಜಿನು ಬಂದಿತು. 1997ರಲ್ಲಿ ಇದೇ ಪರಂಪರೆಯ ಹೊಸ ತಲೆಮಾರು ಆರಂಭವಾಯಿತು. 2011ರ ಹೊತ್ತಿಗೆ ಈ ಕುಲದ ಹತ್ತು ಕೋಟಿ ಎಂಜಿನುಗಳು ತಯಾರಾಗಿದ್ದುವು. ಹೀಗಾಗಿ ಇವು ಅಗ್ಗ. ಬಿಡಿಭಾಗಗಳು ಎಲ್ಲೆಲ್ಲಿಯೂ ಸಿಗುತ್ತವೆ. ಇವುಗಳ ಮರ್ಮವನ್ನು ಬಲ್ಲ ಮೆಕ್ಯಾನಿಕ್ಕುಗಳಿಗೂ ಕೊರತೆಯಿಲ್ಲ. ಇವು ಭಾರವೆಂಬ ಆಕ್ಷೇಪಣೆಯೂ ನಿಲ್ಲದು. 1955ರ ಎಂಟು ಸಿಲಿಂಡರಿನ ಎಂಜಿನು ಆ ಕಾಲದ ಆರು ಸಿಲಿಂಡರಿನದಕ್ಕಿಂತ ಹಗುರವಾಗಿಯೇ ಇದ್ದಿತು. ಪ್ರತಿಪಕ್ಷದವರ ಈ ವಾದಗಳನ್ನು ನಾವು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು.

ತೊಡಕು ಇರುವುದು ಎಂಜಿನಿನಲ್ಲಿ ಅಲ್ಲ, ಅದರ ಹಿಂದೆ ಇರುವ ಅಂಗಗಳಲ್ಲಿ. ಈ ಹಳೆಯ ಟ್ರಕ್ಕಿನಲ್ಲಿ ಗೇರುಪೆಟ್ಟಿಗೆಯಿಂದ ಹಿಂದಿನ ಅಚ್ಚಿಗೆ ಹೋಗುವ ತಿರುಗುದಂಡ ಒಂದು ಗಟ್ಟಿ ಕೊಳವೆಯೊಳಗೆ ಅಡಗಿದೆ. ಚಕ್ರಗಳು ಗಾಡಿಯನ್ನು ಮುಂದಕ್ಕೆ ನೂಕುವ ಬಲ ಈ ಕೊಳವೆಯ ಮೂಲಕವೇ ಚೌಕಟ್ಟಿಗೆ ತಲುಪುತ್ತದೆ. ಹೊಸ ಎಂಜಿನಿನೊಡನೆ ಹೊಸ ಗೇರುಪೆಟ್ಟಿಗೆಯನ್ನು ಕೂಡಿಸಿದರೆ ಈ ಕೊಳವೆ ಹೊಂದುವುದಿಲ್ಲ. ಕೊಳವೆಯನ್ನು ತೆಗೆದರೆ ಹಿಂದಿನ ಅಚ್ಚನ್ನೇ ಬದಲಾಯಿಸಬೇಕು. ಅಚ್ಚು ಬದಲಾದರೆ ನೂಕುಬಲವನ್ನು ಇನ್ನು ಮುಂದೆ ಪಟ್ಟಿಯ ಸ್ಪ್ರಿಂಗುಗಳು ಹೊರಬೇಕು. ಹೊಸ ಎಂಜಿನಿಗೆ 12 ವೋಲ್ಟಿನ ವಿದ್ಯುತ್ತು ಬೇಕು. 1950ರ ಗಾಡಿಯಲ್ಲಿರುವುದು 6 ವೋಲ್ಟು. ಆದುದರಿಂದ ದೀಪ, ತಂತಿ, ಅಳತೆಮಾಪಕಗಳ ವ್ಯವಸ್ಥೆಯನ್ನೂ ಮಾರ್ಪಡಿಸಬೇಕು. ಚಕ್ರ ತಿರುಗಿಸುವ ಸ್ಟಿಯರಿಂಗಿನ ಪೆಟ್ಟಿಗೆಗೂ ಹೊಗೆಕೊಳವೆಗೂ ಜಾಗದ ಜಗಳ ಹತ್ತುತ್ತದೆ. ಒಂದು ಎಂಜಿನನ್ನು ಬದಲಾಯಿಸಲು ಹೊರಟವನು ಕಡೆಗೆ ಇಡೀ ಗಾಡಿಯನ್ನೇ ಬದಲಾಯಿಸಿರುತ್ತಾನೆ. ಅರ್ಧ ದಾರಿಯಲ್ಲಿ ಹಣವೋ ಉತ್ಸಾಹವೋ ಮುಗಿದರೆ, ಬಿಚ್ಚಿಟ್ಟ ಟ್ರಕ್ಕು ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತದೆ. ಓಡುತ್ತಿದ್ದ ಗಾಡಿಯನ್ನು ಉಳಿಸಲು ಹೊರಟು ಕೊಲ್ಲುವುದೆಂದರೆ ಇದೇ.

ಇದಕ್ಕಿಂತ ಗಂಭೀರವಾದುದು ಬ್ರೇಕಿನ ಪ್ರಶ್ನೆ. ಚಲಿಸುವ ವಸ್ತುವಿನ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದುದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ನಮ್ಮ 2000 ಕಿಲೋಗ್ರಾಮಿನ ಟ್ರಕ್ಕು 80 ಕಿಲೋಮೀಟರು ವೇಗದಲ್ಲಿ ಸುಮಾರು 4.9 ಲಕ್ಷ ಜೌಲುಗಳ ಚಲನಶಕ್ತಿಯನ್ನು ಪಡೆದಿರುತ್ತದೆ. 120 ಕಿಲೋಮೀಟರಿನಲ್ಲಿ ಅದು 11 ಲಕ್ಷ ಜೌಲುಗಳಷ್ಟಾಗುತ್ತದೆ. ವೇಗ ಒಂದೂವರೆ ಪಾಲು ಏರಿದರೆ, ಬ್ರೇಕುಗಳು ಶಾಖವಾಗಿ ನುಂಗಬೇಕಾದ ಶಕ್ತಿ ಎರಡೂಕಾಲು ಪಾಲು ಏರುತ್ತದೆ. ಹಳೆಯ ಟ್ರಕ್ಕಿನ ನಾಲ್ಕೂ ಚಕ್ರಗಳಲ್ಲಿರುವುದು ಡ್ರಮ್ ಬ್ರೇಕು. ಕಾದಷ್ಟೂ ಅದರ ಹಿಡಿತ ಸಡಿಲುತ್ತದೆ. ಅಲ್ಲದೆ ನಾಲ್ಕು ಚಕ್ರಗಳಿಗೂ ದ್ರವವನ್ನು ಒಯ್ಯುವ ಕೊಳವೆಜಾಲ ಒಂದೇ ಆದುದರಿಂದ, ಒಂದೆಡೆ ಸೋರಿದರೆ ನಾಲ್ಕೂ ಬ್ರೇಕುಗಳು ಕೈಕೊಡುತ್ತವೆ. ‘ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು’ ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಇಂದಿನ ಎಂಜಿನಿಗೆ ಅಂದಿನ ಬ್ರೇಕನ್ನು ಜೋಡಿಸಿದವನು ತನ್ನ ಪ್ರಾಣವನ್ನು ಮಾತ್ರವಲ್ಲ, ಎದುರು ಬರುವವನ ಪ್ರಾಣವನ್ನೂ ಪಣಕ್ಕಿಟ್ಟಿರುತ್ತಾನೆ. ಆದುದರಿಂದ ನಿಯಮ ಹೀಗಿರಬೇಕು: ನಿಲ್ಲಿಸುವ ಸಾಮರ್ಥ್ಯವನ್ನು ಹೆಚ್ಚಿಸದೆ ಓಡಿಸುವ ಸಾಮರ್ಥ್ಯವನ್ನು ಹೆಚ್ಚಿಸತಕ್ಕದ್ದಲ್ಲ.

ಎರಡನೆಯ ಆಯ್ಕೆ ವಿದ್ಯುತ್ತಿನ ಮೋಟಾರು. 2021ರಲ್ಲಿ ಫೋರ್ಡ್ ಸಂಸ್ಥೆ ಹಳೆಯ ಗಾಡಿಗಳಿಗೆ ಅಳವಡಿಸಬಹುದಾದ 281 ಅಶ್ವಶಕ್ತಿಯ ಮೋಟಾರನ್ನು ಮಾರಾಟಕ್ಕಿಟ್ಟು, ಅಂತಹ ಎರಡು ಮೋಟಾರುಗಳುಳ್ಳ 1978ರ ತನ್ನ ಎಫ್-100 ಪಿಕಪ್ಪೊಂದನ್ನು ಪ್ರದರ್ಶಿಸಿತು. ವಿದ್ಯುತ್ ಮೋಟಾರಿನ ಗುಣ ಟ್ರಕ್ಕಿಗೆ ಬಹಳ ಒಪ್ಪುವಂತಹುದು. ಅದು ನಿಂತ ನಿಲುವಿನಿಂದಲೇ ಪೂರ್ಣ ತಿರುಗುಬಲವನ್ನು ಕೊಡಬಲ್ಲುದು. ಪೆಟ್ರೋಲು ಎಂಜಿನು ಹಾಗೆ ಕೊಡಲಾರದು. ಆದರೆ ಮೋಟಾರು ಕೊಂಡಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಬ್ಯಾಟರಿ ಬೇಕು. ಮೊದಲು ಮಾಡಿದ ಲೆಕ್ಕದಂತೆ ಚಕ್ರಗಳಿಗೆ 16 ಸಾವಿರ ವಾಟ್ ಬೇಕಾದರೆ, ನಷ್ಟವೂ ಸೇರಿ ಬ್ಯಾಟರಿಯಿಂದ ಸುಮಾರು 19 ಸಾವಿರ ವಾಟ್ ಹೊರಡಬೇಕು. 80 ಕಿಲೋಮೀಟರು ವೇಗದಲ್ಲಿ 200 ಕಿಲೋಮೀಟರು ಹೋಗಲು ಎರಡೂವರೆ ಗಂಟೆ; ಅದಕ್ಕೆ ಬೇಕಾದುದು ಸುಮಾರು 48 ಯೂನಿಟ್ಟು ವಿದ್ಯುತ್ತು. ಇಷ್ಟನ್ನು ತುಂಬಿಕೊಳ್ಳುವ ಬ್ಯಾಟರಿಯ ತೂಕ ಸುಮಾರು 300 ಕಿಲೋಗ್ರಾಂ. ತೆಗೆದುಹಾಕಿದ ಎಂಜಿನಿನ ತೂಕ ಇದನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ಆದರೆ 400 ಕಿಲೋಮೀಟರು ಹೋಗಬೇಕೆಂದರೆ ಬ್ಯಾಟರಿಯ ತೂಕವೂ ಬೆಲೆಯೂ ಇಮ್ಮಡಿಯಾಗಿ, ಹೊರೆ ಹೊರುವ ಟ್ರಕ್ಕು ತನ್ನನ್ನೇ ಹೊರತೊಡಗುತ್ತದೆ. ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರು ಊರೊಳಗೆ ಓಡಾಡುವವನಿಗೆ ಮಾತ್ರ ಇದು ಯೋಗ್ಯವಾದ ದಾರಿ. ಅಂತಹವನಿಗೆ ಎಂಟು ಸಿಲಿಂಡರಿನ ಎಂಜಿನಿಗಿಂತ ಇದೇ ಮೇಲೆಂದು ಹೇಳಲು ನಾನು ಹಿಂಜರಿಯೆನು.

ಮೂರನೆಯದು, ಆರವಾರವಿಲ್ಲದ ಆಯ್ಕೆ: ಹಳೆಯ ಎಂಜಿನಿನ ಸ್ವಂತ ತಮ್ಮನನ್ನು ಕೂಡಿಸುವುದು. ಷೆವ್ರೊಲೆಯ ಆರು ಸಿಲಿಂಡರಿನ 235 ಘನ ಅಂಗುಲದ ಎಂಜಿನು 216ರ ಮನೆತನದ್ದೇ. 1954ರಿಂದ ಟ್ರಕ್ಕುಗಳಿಗೆ ಹಾಕಿದ ಈ ಎಂಜಿನಿನಲ್ಲಿ ಪಂಪು ಒತ್ತಡದಿಂದ ಎಲ್ಲ ಬೇರಿಂಗುಗಳಿಗೂ ಎಣ್ಣೆಯನ್ನು ಒಯ್ಯುತ್ತದೆ. ಹೊಯ್ದು ಮಾಡಿದ ಬ್ಯಾಬಿಟ್ಟಿನ ಬದಲು, ಸವೆದಾಗ ತೆಗೆದು ಹೊಸದನ್ನು ಇಡಬಹುದಾದ ಚಿಪ್ಪಿನಂತಹ ಬೇರಿಂಗುಗಳು ಇವೆ. ಶಕ್ತಿ ಆಯಾ ವರ್ಷದ ಮಾದರಿಗೆ ಅನುಗುಣವಾಗಿ 110ರಿಂದ 140 ಅಶ್ವಶಕ್ತಿ. ಇದು ಹಳೆಯ ಸ್ಥೂಲ ಮಾನದಲ್ಲಿ ಹೇಳಿದುದು, 216ರ 90ರಂತೆಯೇ. ಮುಖ್ಯವಾದ ಸಂಗತಿಯೆಂದರೆ, ಹಳೆಯ ಗೇರುಪೆಟ್ಟಿಗೆಯನ್ನೂ ಕೊಳವೆಯೊಳಗಿನ ತಿರುಗುದಂಡವನ್ನೂ ಹಾಗೆಯೇ ಉಳಿಸಿಕೊಂಡು ಇದನ್ನು ಕೂಡಿಸಬಹುದು. 1955ರಿಂದೀಚಿನ ಮಾದರಿಗಳಲ್ಲಿ ನೀರಿನ ಪಂಪಿನ ಸ್ಥಾನ ತುಸು ಬದಲಾಗಿರುವುದರಿಂದ ಫ್ಯಾನು ರೇಡಿಯೇಟರಿಗೆ ತಗುಲದಂತೆ ನೋಡಿಕೊಳ್ಳಬೇಕು. ಎಂಜಿನನ್ನು ಬಿಚ್ಚಿದಾಗಲೇ ಹೊಗೆ ಹೋಗುವ ಕವಾಟಗಳ ಕೆಳಗೆ ಗಡುಸಾದ ಲೋಹದ ಪೀಠಗಳನ್ನು ಕೂಡಿಸುವುದೂ ಉಚಿತ. ಹಿಂದೆ ಪೆಟ್ರೋಲಿನಲ್ಲಿ ಬೆರೆಸುತ್ತಿದ್ದ ಸೀಸ ಈ ಪೀಠಗಳನ್ನು ಸವೆತದಿಂದ ಕಾಪಾಡುತ್ತಿತ್ತು. ಅಮೆರಿಕದಲ್ಲಿ 1996ರಿಂದ ರಸ್ತೆಯ ವಾಹನಗಳಿಗೆ ಸೀಸದ ಪೆಟ್ರೋಲನ್ನು ನಿಷೇಧಿಸಲಾಗಿದೆ.

‘ಅರವತ್ತು ವರ್ಷಗಳಿಗಿಂತ ಹಳೆಯದಾದ ಎಂಜಿನಿಗೆ ಮತ್ತೊಂದು ಅಷ್ಟೇ ಹಳೆಯ ಎಂಜಿನೇ ಮದ್ದೆ?’ ಎಂದು ಕೆಲವರು ನಗಬಹುದು. ಈ ಪ್ರಶ್ನೆ ನ್ಯಾಯವಾದುದೇ. ಆದರೆ ಲೋಹದ ಯಂತ್ರಕ್ಕೆ ವಯಸ್ಸು ಪಂಚಾಂಗದಿಂದ ಬರುವುದಿಲ್ಲ, ಸವೆತದಿಂದ ಬರುತ್ತದೆ. ಸಿಲಿಂಡರುಗಳನ್ನು ಕೊರೆದು, ಹೊಸ ಪಿಸ್ಟನ್ನು, ಉಂಗುರ, ಬೇರಿಂಗುಗಳನ್ನು ಕೂಡಿಸಿದ ಎಂಜಿನು ಬಹುಪಾಲು ಹೊಸದೇ. ಈ ಎಂಜಿನಿನ ಬಿಡಿಭಾಗಗಳನ್ನು ತಯಾರಿಸಿ ಮಾರುವವರು ಇಂದಿಗೂ ಅಲ್ಲಿದ್ದಾರೆ. ಇನ್ನೊಂದು ಆಕ್ಷೇಪಣೆ, ಇಂದಿನ ಹೆದ್ದಾರಿಯಲ್ಲಿ ನಿಧಾನವಾಗಿ ಹೋಗುವುದೂ ಅಪಾಯವೆಂಬುದು. ಇದೂ ನಿಜ. ದಿನವೂ 110 ಕಿಲೋಮೀಟರು ವೇಗದಲ್ಲಿ ದೂರ ಪ್ರಯಾಣ ಮಾಡಬೇಕಾದವನು, ಅಥವಾ ಹಿಂದೆ ಭಾರವಾದ ಗಾಡಿಯನ್ನು ಕಟ್ಟಿ ಎಳೆಯಬೇಕಾದವನು ಎಂಟು ಸಿಲಿಂಡರಿನ ಎಂಜಿನನ್ನೇ ಆರಿಸಲಿ. ಆದರೆ ಅವನು ಮೊದಲು ಎರಡು ಜಾಲಗಳಾಗಿ ವಿಭಾಗವಾದ ಬ್ರೇಕು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ತಕ್ಕ ಅಚ್ಚು, ತಕ್ಕ ಟೈರುಗಳಿಗೆ ಹಣವನ್ನು ತೆಗೆದಿಡಲಿ. ಉಳಿದುದರಲ್ಲಿ ಎಂಜಿನನ್ನು ಕೊಳ್ಳಲಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಹಣಕ್ಕೆ ಮಾತ್ರವಲ್ಲ, ಯಂತ್ರಕ್ಕೂ ಸಲ್ಲುತ್ತದೆ.

ಆದುದರಿಂದ ನನ್ನ ತೀರ್ಮಾನ ಇಷ್ಟು. ತೋಟದಿಂದ ಪೇಟೆಗೆ, ಪೇಟೆಯಿಂದ ಮನೆಗೆ ಅರ್ಧ ಟನ್ ಹೊರೆಯನ್ನು 80 ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಒಯ್ಯುವ ಹಳೆಯ ಟ್ರಕ್ಕಿಗೆ 235ರ ಆರು ಸಿಲಿಂಡರಿನ ಎಂಜಿನೇ ತಕ್ಕದ್ದು. ಅದರೊಡನೆ ಬ್ರೇಕನ್ನು ಸುಧಾರಿಸಿ, ಬೇಕಾದರೆ ಅಚ್ಚಿನ ಅನುಪಾತವನ್ನು ಇಳಿಸಿಕೊಳ್ಳಬೇಕು. ಊರೊಳಗಿನ ಕಿರುಪ್ರಯಾಣಕ್ಕೆ, ಹಣ ಇದ್ದವನಿಗೆ, ವಿದ್ಯುತ್ ಮೋಟಾರು ಒಪ್ಪುತ್ತದೆ. ಎಂಟು ಸಿಲಿಂಡರಿನ ಎಂಜಿನು ಇಡೀ ಗಾಡಿಯನ್ನು ಹೊಸದಾಗಿ ಕಟ್ಟಲು ಸಿದ್ಧನಿರುವವನಿಗೆ ಮಾತ್ರ.

ಈ ವಿಚಾರ ನಮ್ಮ ದೇಶದ ವಿದ್ಯಾರ್ಥಿಗಳಿಗೂ ಹೊರತಲ್ಲ. ಭಾರತದಲ್ಲಿ ಗಾಡಿಯ ಎಂಜಿನನ್ನು ಮನಬಂದಂತೆ ಬದಲಾಯಿಸಲು ಕಾನೂನಿನ ಅಡ್ಡಿಯಿದೆ. ನೋಂದಣಿ ಪತ್ರದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. ಆದರೆ ಮೂಲ ಪ್ರಶ್ನೆ ಟ್ರಕ್ಕಿಗೆ ಮಾತ್ರ ಸಂಬಂಧಿಸಿದುದಲ್ಲ. ಮೂರು ಅಶ್ವಶಕ್ತಿ ಸಾಕಾಗುವ ಬಾವಿಗೆ ಹತ್ತು ಅಶ್ವಶಕ್ತಿಯ ಪಂಪುಸೆಟ್ಟನ್ನು ಕೂಡಿಸಿದರೆ ನೀರು ಮೂರು ಪಾಲು ಹೆಚ್ಚು ಒಸರುವುದಿಲ್ಲ. ಬಾವಿ ಬೇಗನೆ ಬರಿದಾಗುತ್ತದೆ, ಕೊಳವೆ ಒತ್ತಡಕ್ಕೆ ನಲುಗುತ್ತದೆ. ಬಾವಿ, ಕೊಳವೆ, ಪಂಪು ಇವು ಮೂರೂ ಸೇರಿ ಒಂದು ಯಂತ್ರ. ಎಂಜಿನು, ಗೇರು, ಅಚ್ಚು, ಬ್ರೇಕು ಸೇರಿ ಒಂದು ಗಾಡಿ. ಯಂತ್ರಶಾಸ್ತ್ರವನ್ನು ಓದಹೊರಟ ತರುಣರು ಮೊದಲು ಅಭ್ಯಾಸ ಮಾಡಬೇಕಾದುದು ಈ ದೃಷ್ಟಿಯನ್ನು. ಮುಂದೆ ಯಾರಾದರೂ ‘ಇದು ಇಷ್ಟು ಅಶ್ವಶಕ್ತಿಯದು’ ಎಂದು ಹೆಮ್ಮೆಯಿಂದ ಹೇಳಿದಾಗ, ಕಾಗದ ಪೆನ್ಸಿಲು ತೆಗೆದುಕೊಂಡು, ‘ಕೆಲಸಕ್ಕೆ ಎಷ್ಟು ಬೇಕು? ಉಳಿದ ಅಂಗಗಳು ಎಷ್ಟನ್ನು ತಾಳಬಲ್ಲವು?’ ಎಂಬ ಎರಡು ಪ್ರಶ್ನೆಗಳಿಗೆ ಅವರು ತಾವೇ ಲೆಕ್ಕ ಹಾಕಿ ಉತ್ತರ ಕಂಡುಕೊಳ್ಳಲಿ.